ಹೇನಿಗೆ ಬೇಕಾದ್ದು ವಿಷವಲ್ಲ, ಹಣಿಗೆ

ಒಂದೇ ವಸ್ತುವಿಗೆ ಎರಡು ಹೆಸರು ಇಟ್ಟುಕೊಂಡು ಬಾಳುವುದು ಗಡಿನಾಡಿನವರಿಗೆ ರೂಢಿ. ಅಕ್ಕಲಕೋಟ, ಜತ್ತ ಕಡೆ ಮನೆಯಲ್ಲಿ ‘ಹೇನು’ ಎಂದವರು ಔಷಧದ ಅಂಗಡಿಯಲ್ಲಿ ‘ಊ’ ಎನ್ನುತ್ತಾರೆ. ಆದವಾನಿ, ರಾಯದುರ್ಗದಲ್ಲಿ ಅದೇ ‘ಪೇನು’. ಹೊಸೂರು, ತಾಳವಾಡಿ, ಕಾಸರಗೋಡಿನಲ್ಲಿ ‘ಪೇನ್’. ಹಾಲು-ಪಾಲು, ಹೂವು-ಪೂವು ಇದ್ದ ಹಾಗೆಯೇ ಇದೂ. ಹೆಸರು ಯಾವುದಾದರೇನು, ಶಾಲೆಗೆ ಹೋಗುವ ಮಕ್ಕಳ ತಲೆಯ ಕಡಿತ ಒಂದೇ.

ಆದರೆ ಇನ್ನೊಂದು ಶಬ್ದದ್ದು ಇದಕ್ಕೆ ತಿರುಗುಮುರುಗು ಕತೆ. ಅಲ್ಲಿ ಎರಡು ವಸ್ತುವಿಗೆ ಒಂದೇ ಹೆಸರು. ಹತ್ತಿಗೆ, ದ್ರಾಕ್ಷಿಗೆ, ತೊಗರಿಗೆ ಹೊಡೆಯುವುದೂ ಔಷಧ, ಕೂಸಿಗೆ ಕುಡಿಸುವುದೂ ಔಷಧ. ಮರಾಠಿಯಲ್ಲಿ ಎರಡಕ್ಕೂ ‘ಔಷಧ’, ತೆಲುಗಿನಲ್ಲಿ ಎರಡಕ್ಕೂ ‘ಮಂದು’, ತಮಿಳಿನಲ್ಲಿ ಎರಡಕ್ಕೂ ‘ಮರುಂದು’. ನಮ್ಮ ಉತ್ತರದ ಕಡೆಯಂತೂ ಹೊಲಕ್ಕೆ ಹೊಡೆಯುವ ವಿಷಕ್ಕೆ ‘ಎಣ್ಣಿ’ ಎಂದೇ ಹೆಸರು. ತಲೆಗೆ ಹಚ್ಚುವುದೂ ಎಣ್ಣಿ! ಈ ಮಾತಿನ ಗೊಂದಲದ ನಡುವೆ ‘ಹುಳ ಸಾಯಿಸೋ ಔಷಧ ಹೇನು ಸಾಯಿಸೋದಿಲ್ಲೇನು?’ ಎಂಬ ಯೋಚನೆ ಸುಲಭವಾಗಿ ಬರುತ್ತದೆ. ಹಾಗೆ ಹೊಲದ ಔಷಧವನ್ನು ಮಕ್ಕಳ ತಲೆಗೆ ಹಚ್ಚಿ ಜೀವಕ್ಕೆ ಕುತ್ತು ತಂದ ಪ್ರಕರಣಗಳು ನಮ್ಮ ದೇಶದಲ್ಲಿ ಆಗಿವೆ.

ಏಕೆ ಅಪಾಯ?

ಕ್ಲೋರ್‌ಪೈರಿಫಾಸ್‌, ಮೊನೊಕ್ರೊಟೊಫಾಸ್‌ನಂಥ ಕೀಟನಾಶಕಗಳು ಬಾಯಿಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಮೈಗೆ ಇಳಿಯುತ್ತವೆ. ಮಗುವಿನ ನೆತ್ತಿಯ ಚರ್ಮ ತೆಳು. ಕೆರೆದು ಕೆರೆದು ಗಾಯವಾಗಿದ್ದರೆ ಇನ್ನೂ ಬೇಗ ಇಳಿಯುತ್ತದೆ. ಆಮೇಲೆ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ವಾಂತಿ ಆಗುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುತ್ತದೆ, ಉಸಿರು ಕಟ್ಟುತ್ತದೆ. ಹೀಗಾದಲ್ಲಿ ತಡಮಾಡದೆ 108ಕ್ಕೆ ಫೋನ್ ಮಾಡಬೇಕು. ಬಟ್ಟೆ ತೆಗೆದು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮಗುವಿನ ತಲೆ-ಮೈ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಬೇಕು. ಆಸ್ಪತ್ರೆಗೆ ಹೋಗುವಾಗ ಬಾಟಲಿಯನ್ನೂ ಒಯ್ಯಬೇಕು. ಅದರ ಹೆಸರು ಗೊತ್ತಾದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ಬಾಟಲಿಯ ಮೇಲಿನ ಚೌಕದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿರುವುದು ರೈತರಿಗೆ ಗೊತ್ತೇ ಇದೆ. ಹಸಿರು ಇದ್ದರೆ ತಲೆಗೆ ನಡೆಯುತ್ತದೆ ಎಂದಲ್ಲ. ಅದು ಯಾವುದೂ ತಲೆಗಲ್ಲ. ದನದ ಉಣ್ಣಿಗೆ ಹಚ್ಚುವ ಔಷಧ, ಇರುವೆಗೆ ಗೀಚುವ ಚಾಕ್‌ಪೀಸ್ ಇವೂ ಬೇಡ. ಚಿಮಣಿ ಎಣ್ಣೆ, ಅಂದರೆ ಮರಾಠಿಯ ‘ರಾಕೇಲ’, ಚರ್ಮ ಸುಡುತ್ತದೆ. ಹಚ್ಚಿಕೊಂಡ ಮಗು ಒಲೆಯ ಹತ್ತಿರ ಹೋದರೆ ಬೆಂಕಿಯೇ ಹತ್ತೀತು.

ಸೊಲ್ಲಾಪುರ, ಬಾರ್ಶಿ ಸೀಮೆ ಸೀತಾಫಲಕ್ಕೆ ಹೆಸರಾದದ್ದು. ಅದರ ಬೀಜ ಅರೆದು ತಲೆಗೆ ಹಚ್ಚುವುದು ಹಳೇ ಪದ್ಧತಿ. ಹೇನು ಸಾಯುವುದು ನಿಜ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಪಾಪೆಯ ಮೇಲಿನ ಪೊರೆ ಸುಟ್ಟಂತಾಗಿ ವಿಪರೀತ ಉರಿ, ನೋವು. ಇದರಿಂದ ಕಣ್ಣಾಸ್ಪತ್ರೆ ಸೇರಿದವರಿದ್ದಾರೆ. ತಲೆಯ ಮೇಲಿನ ನೀರು ಕಣ್ಣಿಗೆ ಇಳಿಯದಂತೆ ಯಾರು ತಡೆದಾರು?

ಹೇನಿನ ಲೆಕ್ಕ

ಹೇನು ಎಳ್ಳಿನಷ್ಟು ಗಾತ್ರ. ಹಾರುವುದಿಲ್ಲ, ಜಿಗಿಯುವುದಿಲ್ಲ, ಬರೀ ಹರಿದಾಡುತ್ತದೆ. ತಲೆಗೆ ತಲೆ ತಾಗಿದಾಗ ದಾಟುತ್ತದೆ. ಆದ್ದರಿಂದ ಒಂದೇ ಜಮಖಾನೆಯ ಮೇಲೆ ಸಾಲಾಗಿ ಮಲಗುವ ಮಕ್ಕಳಿಗೆ, ರಜೆಗೆ ಇಂಡಿ, ವಿಜಯಪುರದ ಸೋದರಮಾವನ ಮನೆಗೆ ಹೋಗಿಬರುವವರಿಗೆ, ಹಾಸ್ಟೆಲ್ ಹುಡುಗಿಯರಿಗೆ, ಕಬ್ಬು ಕಡಿಯಲು ಹೋದವರ ಗುಡಿಸಲ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. ಇದರಲ್ಲಿ ಜಾತಿ, ಬಡತನ, ಕೊಳಕು ಯಾವುದೂ ಇಲ್ಲ. ತೊಳೆದ ತಲೆಯಲ್ಲೂ ಹೇನು ಸುಖವಾಗಿಯೇ ಇರುತ್ತದೆ.

ಒಂದು ಹೆಣ್ಣು ಹೇನು ದಿನಕ್ಕೆ ಆರೆಂಟು ಸೀರು ಇಡುತ್ತದೆ, ಒಂದು ತಿಂಗಳು ಬದುಕುತ್ತದೆ. ಸೀರು ಒಡೆಯಲು 7ರಿಂದ 10 ದಿನ. ಒಡೆದ ಮರಿ ಬೆಳೆದು ತಾನೂ ಸೀರು ಇಡಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಬೀಜ ಬಿತ್ತಿ, ಮೊಳಕೆ ಎಂದು, ಕಳೆ ತೆಗೆಯುವುದು ಎಂದು ಎಂದು ಲೆಕ್ಕ ಹಾಕುವ ರೈತನಿಗೆ ಈ ಗಣಿತ ಕಷ್ಟವಲ್ಲ. ಇವತ್ತು ಒಂದು ದಿನ ಎಷ್ಟೇ ಹೇನು ಕೊಂದರೂ ಕೂದಲಿಗೆ ಅಂಟಿದ ಸೀರು ಮುಂದಿನ ವಾರ ಒಡೆದೇ ಒಡೆಯುತ್ತದೆ. ‘ಏನು ಹಚ್ಚಿದ್ರೂ ಮತ್ತ ಬರ್ತಾವ್ರೀ’ ಎಂದು ತಾಯಂದಿರು ಗೋಳಿಡುವುದು ಇದಕ್ಕೇ. ಔಷಧ ಜೋರಾಗಿಲ್ಲ ಎಂದುಕೊಂಡು ಜೋರಿನ ಬಾಟಲಿಗೆ ಕೈ ಹಾಕುವುದೂ ಇದಕ್ಕೇ. ತಪ್ಪಿದ್ದು ಔಷಧವಲ್ಲ, ದಿನದ ಲೆಕ್ಕ.

ನಾಲ್ಕು ದಿನಕ್ಕೊಮ್ಮೆ

ನಮ್ಮ ಅಜ್ಜಿಯರ ಸೀರಣಿಗೆ, ಮರಾಠಿಯ ‘ಫಣಿ’, ಇವತ್ತಿಗೂ ಸಂತೆಯಲ್ಲಿ ಸಿಗುತ್ತದೆ. ಹಲ್ಲುಗಳು ಒತ್ತೊತ್ತಾಗಿ, ಬಾಗದೆ ಗಟ್ಟಿಯಾಗಿರಬೇಕು. ಉದ್ದ ಹಲ್ಲಿನ ಸ್ಟೀಲ್ ಹಣಿಗೆ ಸಿಕ್ಕರೆ ಉತ್ತಮ.

ತಲೆ ತೊಳೆದು, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ಕಂಡೀಷನರ್ ಧಾರಾಳವಾಗಿ ಹಚ್ಚಬೇಕು. ಹೇನಿನ ಓಟ ನಿಧಾನವಾಗುತ್ತದೆ, ಹಣಿಗೆ ಜಾರುತ್ತದೆ. ಮೊದಲು ದೊಡ್ಡ ಹಣಿಗೆಯಿಂದ ಸಿಕ್ಕು ಬಿಡಿಸಬೇಕು. ಆಮೇಲೆ ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ, ಸೀರಣಿಗೆಯನ್ನು ನೆತ್ತಿಗೆ ತಾಗಿಸಿ ತುದಿಯವರೆಗೆ ಎಳೆಯಬೇಕು. ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಕಿವಿಯ ಹಿಂದೆ, ಹೆಕ್ಕತ್ತಿನ ಮೇಲೆ ಹೆಚ್ಚು ಗಮನವಿರಲಿ. ಉದ್ದ ಜಡೆಯಿದ್ದರೆ ಅರ್ಧ ತಾಸು, ಮುಕ್ಕಾಲು ತಾಸು ಹಿಡಿದೀತು.

ಮೊದಲ ಸಲ ರವಿವಾರ ಹಿಕ್ಕಿದರೆ, ಎರಡನೇದು ಗುರುವಾರ, ಮೂರನೇದು ಸೋಮವಾರ, ನಾಲ್ಕನೇದು ಶುಕ್ರವಾರ. ಅಂದರೆ 1, 5, 9, 13ನೇ ದಿನ. ಈ ನಾಲ್ಕು ಬಾರಿಯಲ್ಲಿ, ಒಡೆದ ಮರಿಗಳೆಲ್ಲ ಸೀರು ಇಡುವ ವಯಸ್ಸಿಗೆ ಬರುವ ಮೊದಲೇ ಹಣಿಗೆಗೆ ಸಿಗುತ್ತವೆ. 17ನೇ ದಿನ ಒಮ್ಮೆ ನೋಡಿ, ಒಂದೂ ಸಿಗದಿದ್ದರೆ ಕೆಲಸ ಮುಗಿಯಿತು. ನಡುವೆ ದೊಡ್ಡ ಹೇನು ಸಿಕ್ಕರೆ ಬೇರೆ ಯಾರ ತಲೆಯಿಂದಲೋ ಬಂದಿದೆ, ಇಲ್ಲವೆ ಹಿಕ್ಕುವಾಗ ತಪ್ಪಿದೆ ಎಂದು ತಿಳಿದು ಲೆಕ್ಕವನ್ನು ಮೊದಲಿನಿಂದ ಹಿಡಿಯಬೇಕು. ಮನೆಯ ಎಲ್ಲರ ತಲೆಯನ್ನೂ ಒಂದೇ ದಿನ ನೋಡಬೇಕು. ನೆರೆಮನೆಯವರಿಗೂ ಸಂಕೋಚವಿಲ್ಲದೆ ಹೇಳಿದರೆ ಇನ್ನೂ ಒಳ್ಳೆಯದು.

ಔಷಧವೇ ಬೇಕೆನ್ನುವವರು ಅಂಗಡಿಯಲ್ಲಿ ‘ಔಷಧ ಕೊಡಿ’ ಎಂದಷ್ಟೇ ಕೇಳದೆ, ‘ಮಕ್ಕಳ ತಲೆ ಹೇನಿಗೆ, ಪರ್ಮೆಥ್ರಿನ್ 1 ಶೇಕಡಾ’ ಎಂದು ಕೇಳಬೇಕು. 5 ಶೇಕಡಾದ್ದು ಕಜ್ಜಿಗೆ. ತಲೆ ತೊಳೆದು, ಒರೆಸಿ, ಹಚ್ಚಿ, 10 ನಿಮಿಷ ಬಿಟ್ಟು, ತಲೆ ಬಾಗಿಸಿ ತೊಳೆಯಬೇಕು. ಒಂಬತ್ತನೇ ದಿನ ಮತ್ತೊಮ್ಮೆ ಹಚ್ಚಬೇಕು. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು. ಬಸುರಿಯರು ವೈದ್ಯರನ್ನು ಕೇಳಬೇಕು. ಎರಡು ಸಲ ಹಚ್ಚಿದರೂ ಬದುಕಿದ ಹೇನು ಕಂಡರೆ ಡೋಸು ಏರಿಸದೆ ವೈದ್ಯರಲ್ಲಿಗೆ ಹೋಗಬೇಕು. ತಲೆಯಲ್ಲಿ ಕೀವು, ಕುತ್ತಿಗೆಯಲ್ಲಿ ಗಂಟು ಕಂಡರೂ ಹಾಗೆಯೇ.

ಹಾಸಿಗೆಗೆ, ಗೋಡೆಗೆ ಏನೂ ಸಿಂಪಡಿಸಬೇಕಿಲ್ಲ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ತಲೆದಿಂಬಿನ ಬಟ್ಟೆ, ಟವೆಲ್‌ಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ, ಹಣಿಗೆಗಳನ್ನು 10 ನಿಮಿಷ ಬಿಸಿನೀರಲ್ಲಿ ನೆನೆಸಿದರೆ ಸಾಕು.

ಶಾಲೆ ಬಿಡಿಸಬೇಡಿ

ಹೇನಾಗಿದೆ ಎಂದು ಹೆಣ್ಣುಮಕ್ಕಳ ಜಡೆ ಕತ್ತರಿಸುವುದು, ಶಾಲೆ ಬಿಡಿಸಿ ಮನೆಯಲ್ಲಿ ಕೂಡಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ತಲೆ ಹೇನು ಕಡಿತ ಕೊಡುತ್ತದೆಯೇ ಹೊರತು ಬೇರೆ ಜಡ್ಡು ಹರಡುವುದಿಲ್ಲ. ಮಕ್ಕಳ ವೈದ್ಯರು ಇದಕ್ಕಾಗಿ ಶಾಲೆ ತಪ್ಪಿಸಬಾರದು ಎಂದೇ ಹೇಳುತ್ತಾರೆ. ಜಡೆ ಬಿಗಿಯಾಗಿ ಹೆಣೆದು ಕಳಿಸಿ. ಗುರುಗಳೂ ಎಲ್ಲರೆದುರು ಹೆಸರು ಹಿಡಿದು ಕೂಗದೆ, ತಾಯಿಗೆ ಗುಟ್ಟಾಗಿ ಹೇಳಿದರೆ ಮಗುವಿನ ಮರ್ಯಾದೆ ಉಳಿದೀತು.

ಹೊಲದ ಔಷಧದ ಬಾಟಲಿ ಇವತ್ತೇ ಮನೆಯಿಂದಾಚೆ, ಬೀಗದೊಳಗೆ ಹೋಗಲಿ. ಮುಂದಿನ ಸಂತೆಯ ಪಟ್ಟಿಯಲ್ಲಿ ಒಂದು ಸೀರಣಿಗೆಯನ್ನೂ ಬರೆದುಕೊಳ್ಳಿ.