ಊಟ ಒಗ್ಗದ ಮಗು: ಮನೆಯಲ್ಲಿ, ಶಾಲೆಯಲ್ಲಿ

ಮಕ್ಕಳ ಆರೋಗ್ಯವನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಆಹಾರದ ಅಲರ್ಜಿಯ ಮಾತು ಬರುವ ಹೊತ್ತಿಗೆ ಉಳಿದಿದ್ದುದು ನಾಲ್ಕೇ ನಿಮಿಷ. ತಜ್ಞ ವೈದ್ಯರು ಹೇಳಬೇಕೆಂದುಕೊಂಡಿದ್ದರಲ್ಲಿ ಕಾಲುಭಾಗವೂ ಪ್ರಸಾರವಾಗಲಿಲ್ಲ. ಆಮೇಲೆ ಬಂದ ಪತ್ರಗಳಲ್ಲಿ, ದೂರವಾಣಿ ಕರೆಗಳಲ್ಲಿ ಹೆಚ್ಚಿನವು ತಾಯಂದಿರವು. "ಮನೆಯಲ್ಲಿ ಹೇಗೋ ನೋಡಿಕೊಳ್ಳುತ್ತೇವೆ, ಶಾಲೆಯಲ್ಲಿ ಏನು ಮಾಡುವುದು?" ಎಂಬುದೇ ಅವುಗಳ ಸಾರ. ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ತುಸು ವಿವರವಾಗಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಈ ವಿಷಯ ನನಗೆ ಪುಸ್ತಕದಿಂದ ಮಾತ್ರ ಪರಿಚಯವಾದುದಲ್ಲ. ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಗೆಳತಿಯ ಡಬ್ಬಿಯಿಂದ ಚಪಾತಿ, ಶೇಂಗಾ ಚಟ್ನಿಪುಡಿ ಒಂದು ತುತ್ತು ತಿಂದಿದ್ದಾಳೆ, ಮೈಮೇಲೆ ದದ್ದು ಎದ್ದಿದೆ, ಒಮ್ಮೆ ವಾಂತಿಯಾಗಿದೆ ಎಂದರು. ನಾನು ಸಂಕಲನದ ಕೊಠಡಿಯಲ್ಲಿದ್ದೆ. "ಪಿತ್ತ ಇರಬೇಕು, ನೀರು ಕುಡಿಸಿ ಮಲಗಿಸಿ, ಕೆಲಸ ಮುಗಿಸಿ ಬರುತ್ತೇನೆ" ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. ಮಗು ಬಿಡದೆ ಕೆಮ್ಮುತ್ತಿದೆ, ಧ್ವನಿ ಗೊಗ್ಗರಾಗಿದೆ. ಅಲ್ಲಿದ್ದ ಶಿಕ್ಷಕಿ ನನ್ನ ಮಾತಿಗೆ ಕಾಯದೆ ಪಕ್ಕದ ಬೀದಿಯ ವೈದ್ಯರ ಬಳಿಗೆ ಎತ್ತಿಕೊಂಡು ಹೋದರು. ವೈದ್ಯರು ತೊಡೆಗೆ ಒಂದು ಚುಚ್ಚುಮದ್ದು ಕೊಟ್ಟರು. ನಾನು ತಲುಪುವ ಹೊತ್ತಿಗೆ ಅವಳ ಉಸಿರಾಟ ಸರಿಯಾಗಿತ್ತು.

ಅವಳು ಮೂರು ವರ್ಷದವಳಿದ್ದಾಗ ಕಡಲೆಕಾಯಿ ಚಿಕ್ಕಿ ತಿಂದು ತುಟಿ ಊದಿಕೊಂಡಿತ್ತು. ಆಗಿನಿಂದ ಮನೆಯಲ್ಲಿ ಕೊಡುವುದನ್ನು ಬಿಟ್ಟೆವು. ಶಾಲೆಗೆ ಮಾತ್ರ ಹೇಳಿರಲಿಲ್ಲ. ವಿಜ್ಞಾನ ಓದಿದ ನನಗೇ ಅದು ಹೇಳುವಂಥ ವಿಷಯ ಅನ್ನಿಸಿರಲಿಲ್ಲ. ಹೀಗಾಗಿ ಈ ಲೇಖನದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ತಂದೆತಾಯಿಗೆ ವಿಷಯ ತಿಳಿದಿದ್ದರೆ ಸಾಲದು, ತಿನ್ನುವ ಹೊತ್ತಿನಲ್ಲಿ ಮಗುವಿನ ಹತ್ತಿರ ಇರುವವರಿಗೆ ಅದು ತಿಳಿದಿರಬೇಕು.

ಅಲರ್ಜಿ ಎಂದರೇನು?

'ಅಲರ್ಜಿ' ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಹೊರಗಿನಿಂದ ಬರುವ ರೋಗಾಣುಗಳನ್ನು ಗುರುತಿಸಿ ಹೋರಾಡುತ್ತದೆ. ಕೆಲವು ಮಕ್ಕಳಲ್ಲಿ ಅದು ನಿರುಪದ್ರವಿಯಾದ ಆಹಾರದ ಪ್ರೋಟೀನನ್ನೇ ಶತ್ರುವೆಂದು ತಪ್ಪು ತಿಳಿಯುತ್ತದೆ. ಆ ಪ್ರೋಟೀನಿಗೆಂದೇ 'ಐಜಿಇ' ಎಂಬ ಪ್ರತಿಕಾಯವನ್ನು ತಯಾರಿಸಿ, ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳೆಂಬ ಜೀವಕೋಶಗಳ ಮೇಲೆ ಕೂರಿಸುತ್ತದೆ. ಇದು ಮೊದಲ ಹಂತ. ಹೊರಗೆ ಏನೂ ಕಾಣುವುದಿಲ್ಲ.

ಅದೇ ಆಹಾರ ಮತ್ತೊಮ್ಮೆ ಒಳಗೆ ಹೋದಾಗ ಈ ಕೋಶಗಳು ಒಡನೆಯೇ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಚರ್ಮದಲ್ಲಿ ಗಂಧೆ ಏಳುತ್ತದೆ, ತುಟಿ ಕಣ್ಣು ಊದುತ್ತದೆ, ಹೊಟ್ಟೆ ನುಲಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. "ಹೋದ ಸಲ ತಿಂದಾಗ ಏನೂ ಆಗಿರಲಿಲ್ಲವಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ. ಹಾಗೆಯೇ, ಹೋದ ಸಲ ಬರಿಯ ಗಂಧೆ ಎದ್ದಿತ್ತೆಂದರೆ ಈ ಸಲವೂ ಅಷ್ಟಕ್ಕೇ ನಿಲ್ಲುತ್ತದೆಂಬ ಭರವಸೆಯಿಲ್ಲ.

ನಮ್ಮಲ್ಲಿ ಗಂಧೆಯನ್ನು 'ಪಿತ್ತ ಎದ್ದಿದೆ' ಎನ್ನುವುದು ರೂಢಿ. ಕರಾವಳಿಯಲ್ಲಿ ಪುನರ್ಪುಳಿ ಪಾನಕ ಕುಡಿಸುತ್ತಾರೆ. ಪಾನಕದಿಂದ ಕೇಡಿಲ್ಲ. ಆದರೆ ಗಂಧೆಯ ಜೊತೆ ಕೆಮ್ಮು, ವಾಂತಿ ಕಂಡಾಗಲೂ ಪಾನಕದ ಗುಣಕ್ಕೆ ಕಾಯುತ್ತ ಕೂತರೆ ಕೇಡಿದೆ.

ಒಗ್ಗದ್ದೆಲ್ಲ ಅಲರ್ಜಿಯಲ್ಲ

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು, ಭೇದಿಯಾಗುವುದು ಹಲವರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಅದು ಕಿರಿಕಿರಿ, ಪ್ರಾಣಾಪಾಯವಲ್ಲ. ಹಾಲಿನ ಪ್ರೋಟೀನಿಗೆ ಬರುವ ಅಲರ್ಜಿ ಬೇರೆ. ಅಂಥ ಮಗುವಿಗೆ ಎಮ್ಮೆ ಹಾಲು, ಮೇಕೆ ಹಾಲು ಕೊಟ್ಟು ನೋಡೋಣ ಎನ್ನುವವರಿದ್ದಾರೆ. ಈ ಹಾಲುಗಳ ಪ್ರೋಟೀನುಗಳು ಹಸುವಿನ ಹಾಲಿನದನ್ನೇ ಬಹಳ ಮಟ್ಟಿಗೆ ಹೋಲುವುದರಿಂದ ಆ ಪ್ರಯೋಗ ಅಪಾಯಕಾರಿ.

ರಕ್ತಪರೀಕ್ಷೆಯ ಪಟ್ಟಿ ಹಿಡಿದುಕೊಂಡು ಅನ್ನ ಬೇಳೆಯನ್ನೂ ನಿಲ್ಲಿಸಿದ ಮನೆಗಳಿಂದಲೂ ಪತ್ರಗಳು ಬಂದಿವೆ. ಬೆಂಗಳೂರು, ಮೈಸೂರು ಭಾಗದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 26 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಕಂಡುಬಂತು. ನಿಜವಾದ ಅಲರ್ಜಿ ಇರಬಹುದಾದವರು ನೂರಕ್ಕೆ ಒಬ್ಬರಷ್ಟು ಮಾತ್ರ. ಎಂದರೆ, ಪರೀಕ್ಷೆಯ ಕಾಗದವೊಂದೇ ತೀರ್ಪಲ್ಲ. ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಎಂಬ ಮಗುವಿನ ಕಥೆಯೂ ಪರೀಕ್ಷೆಯೂ ಹೊಂದಬೇಕು. 'ಐಜಿಜಿ' ಪರೀಕ್ಷೆ, ಕೂದಲಿನ ಪರೀಕ್ಷೆ ಎಂದು ಮಾರುವವುಗಳಿಂದ ಆಹಾರದ ಅಲರ್ಜಿ ತಿಳಿಯುವುದಿಲ್ಲ. ಬೆಳೆಯುವ ಮಗುವಿನ ತಟ್ಟೆಯಿಂದ ಏನನ್ನೇ ತೆಗೆಯುವ ಮೊದಲು ವೈದ್ಯರನ್ನು ಕೇಳಿ. ತೆಗೆದದ್ದಕ್ಕೆ ಬದಲಿಯಾಗಿ ಏನು ಕೊಡಬೇಕೆಂಬುದನ್ನೂ ಕೇಳಿ.

ಮನೆಯಲ್ಲಿ

ಕಡಲೆಕಾಯಿ ಒಗ್ಗದ ಮಗುವಿರುವ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಇಡಿಯ ಬೀಜವನ್ನು ಎಲ್ಲರೂ ಗುರುತಿಸುತ್ತಾರೆ. ತೊಂದರೆ ಬರುವುದು ಪುಡಿಯಾಗಿ, ರುಬ್ಬಿದ್ದಾಗಿ ಬಂದಾಗ. ಚಿತ್ರಾನ್ನ, ಒಗ್ಗರಣೆ ಅವಲಕ್ಕಿ, ಪುಳಿಯೋಗರೆ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಹೋಟೆಲಿನ ಚಟ್ನಿ, ಮದುವೆ ಮನೆಯ ಸಾಗು ಇವುಗಳಲ್ಲಿ ಅದು ಇರಬಹುದು. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುತ್ತದೆ, ಆದ್ದರಿಂದ ಅದು ಬೇಡ. ಚಟ್ನಿ ಬಡಿಸಿದ ಸೌಟನ್ನೇ ಮಗುವಿನ ಪಲ್ಯಕ್ಕೆ ಹಾಕಬೇಡಿ. ಕಡಲೆಕಾಯಿ ಮುಟ್ಟಿದ ಕೈಯನ್ನು ಸೋಪು ನೀರಿನಿಂದ ತೊಳೆಯಿರಿ; ಸ್ಯಾನಿಟೈಜರ್ ಹಚ್ಚಿದರೆ ಪ್ರೋಟೀನು ಹೋಗುವುದಿಲ್ಲ.

ಪೊಟ್ಟಣದ ತಿಂಡಿ ಕೊಳ್ಳುವಾಗ ಅದರ ಹಿಂಬದಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಸೀಗಡಿ ಏಡಿಗಳ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಇವು ಇದ್ದರೆ ಪೊಟ್ಟಣದ ಮೇಲೆ ನಮೂದಿಸಬೇಕು. ಎಳ್ಳು ಈ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. ಎಳ್ಳು ಒಗ್ಗದ ಮಗುವಿದ್ದರೆ ಪದಾರ್ಥಗಳ ಇಡೀ ಪಟ್ಟಿಯನ್ನು ಓದಿ. ಬೀದಿಯ ಬೇಕರಿಯ ಬಿಡಿ ತಿಂಡಿಗೆ ಓದಲು ಏನೂ ಇರುವುದಿಲ್ಲ. ಕೇಳಿ, ಅನುಮಾನವಿದ್ದರೆ ಬಿಡಿ.

ನಮ್ಮ ಮನೆಗಳಲ್ಲಿ ಇದಕ್ಕಿಂತ ಕಷ್ಟವಾದುದು ಅಕ್ಕರೆ. "ಒಂದು ಚೂರು ತಿಂದರೆ ಏನಾಗುತ್ತದೆ? ಸ್ವಲ್ಪ ಸ್ವಲ್ಪ ತಿಂದರೆ ತಾನೇ ಅಭ್ಯಾಸವಾಗುವುದು?" ಎನ್ನುವ ಅಜ್ಜಿ ಮಗುವಿನ ಶತ್ರುವಲ್ಲ. ಅವರೊಡನೆ ವಾದ ಮಾಡುವ ಬದಲು ವೈದ್ಯರ ಬಳಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ನಮ್ಮ ತಾಯಿಯವರು ನನ್ನ ಮಾತು ಕೇಳಲಿಲ್ಲ, ವೈದ್ಯರು ಐದು ನಿಮಿಷ ಕೂರಿಸಿಕೊಂಡು ಹೇಳಿದ್ದನ್ನು ಕೇಳಿದರು. ಸಂಕ್ರಾಂತಿಗೆ ಈಗ ನಮ್ಮ ಮನೆಯ ಎಳ್ಳುಬೆಲ್ಲಕ್ಕೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಮಾತ್ರ ಬೀಳುತ್ತದೆ. ಮಗಳು ತಟ್ಟೆ ಹಿಡಿದು ಮನೆಮನೆಗೆ ಬೀರಿ ಬರುತ್ತಾಳೆ. ಬೇರೆ ಮನೆಗಳಲ್ಲಿ ಕೊಟ್ಟದ್ದನ್ನು ತಿನ್ನದೆ ಹಾಗೆಯೇ ತರುತ್ತಾಳೆ.

ಶಾಲೆಯಲ್ಲಿ

ಶಾಲೆ ಪ್ರಾರಂಭವಾಗುವ ವಾರದಲ್ಲೇ ತರಗತಿಯ ಶಿಕ್ಷಕರನ್ನು ಭೇಟಿ ಮಾಡಿ, ಒಂದು ಪುಟದ ಪತ್ರ ಕೊಡಿ. ಅದರಲ್ಲಿ ಮಗುವಿನ ಭಾವಚಿತ್ರ, ಒಗ್ಗದ ಆಹಾರ, ಲಕ್ಷಣಗಳು, ಕೊಡಬೇಕಾದ ಔಷಧ, ಎರಡು ದೂರವಾಣಿ ಸಂಖ್ಯೆ, ಹತ್ತಿರದ ಆಸ್ಪತ್ರೆಯ ಹೆಸರು ಇರಲಿ. ವೈದ್ಯರ ಸಹಿ ಇರಲಿ. ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೆ, ಒಂದು ಆಟದ ಮೇಷ್ಟರಿಗೆ, ಒಂದು ಶಾಲಾ ವಾಹನದವರಿಗೆ. ಪ್ರತಿ ವರ್ಷ ತರಗತಿ ಬದಲಾದಾಗ ಇದನ್ನು ಮತ್ತೆ ಮಾಡಬೇಕು.

ನಮ್ಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಕ್ಷೀರಭಾಗ್ಯ ಯೋಜನೆಯಡಿ 2013ರಿಂದ ಹಾಲು ಕೊಡಲಾಗುತ್ತಿದೆ. ಆಮೇಲೆ ಮೊಟ್ಟೆ ಅಥವಾ ಬಾಳೆಹಣ್ಣೂ ಬಂದಿದೆ. ಹಸಿವು ನೀಗುವ ಒಳ್ಳೆಯ ಕೆಲಸ ಅದು. ಆದರೆ ಹಾಲು ಅಥವಾ ಮೊಟ್ಟೆ ಒಗ್ಗದ ಮಗು 'ಬೇಡ' ಎಂದರೆ ಹಟವೆಂದು ಬಡಿಸುವವರು ಭಾವಿಸಬಾರದು. ಆದ್ದರಿಂದ ಶಿಕ್ಷಕರಷ್ಟೇ ಮುಖ್ಯವಾಗಿ ಅಡುಗೆಯ ಸಿಬ್ಬಂದಿಯೊಡನೆ ನೀವೇ ಹೋಗಿ ಮಾತನಾಡಿ.

ಡಬ್ಬಿಯ ಊಟ ಹಂಚಿ ತಿನ್ನುವುದು ಮಕ್ಕಳ ಸ್ನೇಹದ ಭಾಷೆ. ಅದಕ್ಕೆ ಹೆದರಿ ಅಲರ್ಜಿ ಇರುವ ಮಗುವನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸಬೇಡಿ. ಅದು ತಪ್ಪು ಮಾಡಿದ ಮಗುವಲ್ಲ. ಪಕ್ಕದಲ್ಲಿ ಕೂರುವ ಇಬ್ಬರು ಮೂವರು ಗೆಳೆಯರಿಗೆ ವಿಷಯ ತಿಳಿಸಿ. ಏಳೆಂಟು ವರ್ಷದ ಮಕ್ಕಳು ಇಂಥ ಜವಾಬ್ದಾರಿಯನ್ನು ನಾವು ಊಹಿಸುವುದಕ್ಕಿಂತ ಚೆನ್ನಾಗಿ ಹೊರುತ್ತಾರೆ. ಹುಟ್ಟುಹಬ್ಬದ ಚಾಕೊಲೇಟು ಹಂಚುವ ದಿನಗಳಿಗಾಗಿ ನಿಮ್ಮ ಮಗುವಿಗೆ ಒಗ್ಗುವ ಸಿಹಿಯ ಒಂದು ಡಬ್ಬಿಯನ್ನು ಶಿಕ್ಷಕರ ಬಳಿ ಇಡಿ. ಮಗುವಿಗೂ ಎರಡು ವಾಕ್ಯ ಕಲಿಸಿ: "ಬೇಡ, ನನಗೆ ಒಗ್ಗುವುದಿಲ್ಲ" ಮತ್ತು "ನನಗೆ ಏನೋ ಆಗುತ್ತಿದೆ, ಮಿಸ್". ಬೈಗುಳಕ್ಕೆ ಹೆದರಿ ತಿಂದದ್ದನ್ನು ಮುಚ್ಚಿಡುವ ಮಗುವಿಗೆ ಅಪಾಯ ಹೆಚ್ಚು.

ಅಪಾಯದ ಹೊತ್ತಿನಲ್ಲಿ

ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಲಕ್ಷಣಗಳು ಕಾಣಿಸಬಹುದು. ಬರಿಯ ಒಂದೆರಡು ಗಂಧೆ, ತುರಿಕೆ ಇದ್ದರೆ ವೈದ್ಯರು ಹೇಳಿದ ಅಲರ್ಜಿ ಮಾತ್ರೆ ಅಥವಾ ಸಿರಪ್ ಕೊಟ್ಟು ಕಣ್ಣಿಟ್ಟು ನೋಡಿ. ಉಸಿರಾಟ ಕಷ್ಟವಾಗುವುದು, ಉಬ್ಬಸ, ಬಿಡದ ಕೆಮ್ಮು, ಧ್ವನಿ ಬದಲಾಗುವುದು, ನಾಲಿಗೆ ಊದುವುದು, ಮಂಕಾಗಿ ಬಿಳಿಚಿಕೊಳ್ಳುವುದು, ಅಥವಾ ಗಂಧೆಯ ಜೊತೆಗೇ ವಾಂತಿಯಾಗುವುದು ಕಂಡರೆ ಅದು ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಪ್ರತಿಕ್ರಿಯೆ. ಇದಕ್ಕೆ ಮೊದಲ ಔಷಧ ಒಂದೇ, ಅಡ್ರಿನಲಿನ್. ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ಕೊಡುವ ಚುಚ್ಚುಮದ್ದು. ಅಲರ್ಜಿ ಮಾತ್ರೆ ತುರಿಕೆಯನ್ನು ತಗ್ಗಿಸುತ್ತದೆ, ಬಿಗಿಯುವ ಶ್ವಾಸನಾಳವನ್ನು ಬಿಡಿಸುವುದಿಲ್ಲ.

ವಿದೇಶಗಳಲ್ಲಿ ಪೆನ್ನಿನಂತೆ ಒತ್ತುವ ಸಿದ್ಧ ಚುಚ್ಚುಮದ್ದು ಬಳಕೆಯಲ್ಲಿದೆ. ನಮ್ಮ ಸಾಮಾನ್ಯ ಔಷಧದಂಗಡಿಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಅಡ್ರಿನಲಿನ್ ಆಂಪ್ಯೂಲ್ ಕಡಿಮೆ ಬೆಲೆಯ ಔಷಧ. ಮಗುವಿನ ಪ್ರಮಾಣ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. 20 ಕಿಲೋ ಮಗುವಿಗೆ 0.2 ಮಿಲಿಗ್ರಾಂ, ಅಂದರೆ ಆಂಪ್ಯೂಲಿನ ಐದನೆಯ ಒಂದು ಭಾಗ. ಪ್ರಮಾಣ ತಪ್ಪಬಾರದಾದ್ದರಿಂದ ಅದನ್ನು ವೈದ್ಯರೇ ಬರೆದುಕೊಡಬೇಕು, ಚುಚ್ಚುವುದನ್ನು ಅವರಿಂದಲೇ ಕಲಿಯಬೇಕು. ಶಾಲೆಯಲ್ಲಿ ಕೊಡಬಲ್ಲವರು ಯಾರೂ ಇಲ್ಲದಿದ್ದರೆ ಐದು ನಿಮಿಷದ ದೂರದಲ್ಲಿ ಯಾವ ವೈದ್ಯರಿದ್ದಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಅವರೊಡನೆ ಮಾತನಾಡಿಡಿ.

ಚುಚ್ಚುಮದ್ದು ಕೊಟ್ಟು 108ಕ್ಕೆ ಕರೆ ಮಾಡಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಿದ್ದರೆ ಒರಗಿ ಕೂರಿಸಿ, ವಾಂತಿಯಿದ್ದರೆ ಮಗ್ಗುಲಿಗೆ ಹೊರಳಿಸಿ. ಎದ್ದು ನಿಲ್ಲಿಸಬೇಡಿ, ನಡೆಸಬೇಡಿ; ರಕ್ತದೊತ್ತಡ ಕುಸಿದು ಅಪಾಯವಾಗಬಹುದು. ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಎರಡನೆಯ ಸಲ ಕೊಡಬೇಕಾಗಬಹುದು. ಗುಣ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ಮೇಲೆ ಲಕ್ಷಣಗಳು ಮರಳುವುದುಂಟು.

ಇದು ಜೀವನಪರ್ಯಂತವೇ?

ಹಾಲು, ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆದಂತೆ ಹೋಗುತ್ತದೆ. ಕಡಲೆಕಾಯಿಯದು ಹೋಗುವುದು ಸುಮಾರು ಐವರಲ್ಲಿ ಒಬ್ಬರಿಗೆ. ಹೋಗಿದೆಯೇ ಎಂದು ನೋಡುವ ಪರೀಕ್ಷೆ ಆಸ್ಪತ್ರೆಯಲ್ಲಿ ವೈದ್ಯರ ಎದುರಿನಲ್ಲೇ ನಡೆಯಬೇಕು, ಅಡುಗೆಮನೆಯಲ್ಲಲ್ಲ. ಕಿರಿಯ ಮಕ್ಕಳಿರುವವರಿಗೆ ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲರ್ಜಿಯ ಸಂಭವ ಹೆಚ್ಚಿದ್ದ ಶಿಶುಗಳಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿಯ ಆಹಾರ ಕೊಡತೊಡಗಿದಾಗ ಮುಂದೆ ಆ ಅಲರ್ಜಿ ಬರುವುದು ಬಹಳ ಕಡಿಮೆಯಾಯಿತು. ಆದ್ದರಿಂದ ಭಯದಿಂದ ಎಲ್ಲವನ್ನೂ ತಡಮಾಡುವುದು ಸರಿಯಲ್ಲ. ಆದರೆ ಇದು ಆಗಲೇ ಅಲರ್ಜಿ ಬಂದಿರುವ ಮಗುವಿಗೆ ಹೇಳಿದ್ದಲ್ಲ. ಇಡೀ ಬೀಜವನ್ನಂತೂ ಐದು ವರ್ಷದೊಳಗಿನವರಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನನ್ನ ಮಗಳಿಗೆ ಈಗ ಹದಿನಾರು. ಹೋಟೆಲಿನಲ್ಲಿ ಚಟ್ನಿಯ ವಿಷಯ ಮಾಣಿಯನ್ನು ಅವಳೇ ವಿಚಾರಿಸುತ್ತಾಳೆ, ಔಷಧದ ಪೆಟ್ಟಿಗೆಯನ್ನು ಅವಳೇ ಹೊರುತ್ತಾಳೆ. ಅವಳ ತರಗತಿಯ ನಾಲ್ವರು ಗೆಳತಿಯರಿಗೆ ಅದರೊಳಗೆ ಏನಿದೆ, ಎಲ್ಲಿ ಚುಚ್ಚಬೇಕು ಎಂಬುದು ಗೊತ್ತು. ನಿಮ್ಮ ಮಗುವಿಗೆ ಇಂಥ ತೊಂದರೆ ಇದ್ದರೆ, ಈ ಪುಟಗಳನ್ನು ಓದಿ ಮಡಿಸಿಡಬೇಡಿ. ನಾಳೆ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವಾಗ ಎರಡು ನಿಮಿಷ ನಿಂತು ಶಿಕ್ಷಕರ ಕೈಗೆ ಕೊಡಿ.