ಮಳೆ ಬಂದಾಗ ಟಿ.ವಿ. ಚಿತ್ರ ಚೌಕ ಚೌಕವಾಗುವುದೇಕೆ?

ಮಳೆಗಾಲದ ಒಂದು ಸಂಜೆ. ತಾರಸಿಯ ಮೇಲೆ ಪುಟ್ಟ ಡಿಶ್, ಒಳಗೆ ಟಿ.ವಿ.ಯಲ್ಲಿ ವಾರ್ತೆ. ಮಳೆ ಬಿರುಸಾದಂತೆ ವಾರ್ತಾವಾಚಕರ ಮುಖದ ಮೇಲೆ ಸಣ್ಣ ಸಣ್ಣ ಚೌಕಗಳು ಮೂಡುತ್ತವೆ. ಗಲ್ಲದ ತುಂಡೊಂದು ಇದ್ದಲ್ಲೇ ಉಳಿದು ಬಾಯಿ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಒಂದು ಕ್ಷಣ ಚಿತ್ರ ಸ್ತಬ್ಧ. ಸುಮಾರು ಅರ್ಧ ಸೆಕೆಂಡಿನ ಬಳಿಕ ಏನೂ ಆಗಲಿಲ್ಲವೆಂಬಂತೆ ಎಲ್ಲವೂ ಸರಿಹೋಗುತ್ತದೆ. ಮಳೆ ಇನ್ನೂ ಜೋರಾದರೆ ತೆರೆ ಪೂರ್ತಿ ಕಪ್ಪು.

ಹಿಂದೆ ಮಾಡಿನ ಮೇಲಿನ ಆಂಟೆನಾದಿಂದ ದೂರದರ್ಶನ ನೋಡುತ್ತಿದ್ದವರಿಗೆ ಇದು ಹೊಸ ಬಗೆಯ ತೊಂದರೆ. ಆಗ ಸಂಕೇತ ಕ್ಷೀಣಿಸಿದರೆ ತೆರೆಯ ತುಂಬ 'ರವೆ' ಚೆಲ್ಲಿದಂತೆ ಕಾಣುತ್ತಿತ್ತು. ಆದರೂ ಅದರ ಹಿಂದಿನ ಚಿತ್ರ ಮಸುಕಾಗಿಯಾದರೂ ಕಾಣುತ್ತಿತ್ತು. ಈಗ ರವೆ ಇಲ್ಲ, ಚೌಕಗಳಿವೆ. ಇಲ್ಲಿ ನಾಲ್ಕು ಪ್ರಶ್ನೆಗಳು ಏಳುತ್ತವೆ. ಚೌಕವೇ ಏಕೆ? ಅರ್ಧ ಸೆಕೆಂಡಿನಲ್ಲಿ ಸರಿಹೋಗುವುದು ಹೇಗೆ? ಚಿತ್ರಕ್ಕಿಂತ ಮೊದಲು ಧ್ವನಿ ಮರಳುವುದೇಕೆ? ಹಂತ ಹಂತವಾಗಿ ಕೆಡದೆ ಒಮ್ಮೆಲೇ ಕಪ್ಪಾಗುವುದೇಕೆ? ಈ ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಅಂಕೀಯ ಪ್ರಸಾರದ ತಿರುಳು ನಮಗೆ ಸಿಕ್ಕಂತೆ.

ಹಿಡಿಸಲಾರದ ಹೊರೆ

ಮೊದಲು ಒಂದು ಸರಳ ಲೆಕ್ಕ. ಸಾಮಾನ್ಯ ಗುಣಮಟ್ಟದ ಅಂಕೀಯ ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576 ಚಿತ್ರಬಿಂದುಗಳು, ಅಂದರೆ ಪಿಕ್ಸೆಲ್‌ಗಳು ಇರುತ್ತವೆ. ಒಟ್ಟು 4,14,720. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ 8 ಬಿಟ್‌ನಂತೆ ಪ್ರತಿ ಬಿಂದುವಿಗೆ 24 ಬಿಟ್ ಬೇಕು. ಸೆಕೆಂಡಿಗೆ 25 ಚಿತ್ರಗಳು. ಗುಣಿಸಿದರೆ ಸೆಕೆಂಡಿಗೆ ಸುಮಾರು 24.9 ಕೋಟಿ ಬಿಟ್, ಅಂದರೆ 249 ಮೆಗಾಬಿಟ್.

ಇದನ್ನು ಹೊರಬೇಕಾದ ವಾಹನವನ್ನು ನೋಡೋಣ. ಉಪಗ್ರಹದಲ್ಲಿರುವ ಒಂದು ಟ್ರಾನ್ಸ್‌ಪಾಂಡರ್, ಡಿವಿಬಿ-ಎಸ್ ಎಂಬ ಪ್ರಸಾರ ಮಾನಕದಂತೆ ಸಾಮಾನ್ಯವಾಗಿ ಸೆಕೆಂಡಿಗೆ 38 ಮೆಗಾಬಿಟ್‌ನಷ್ಟು ಉಪಯುಕ್ತ ಮಾಹಿತಿಯನ್ನು ಸಾಗಿಸುತ್ತದೆ. ಹೀಗಿರುವಾಗ 249 ಮೆಗಾಬಿಟ್‌ನ ಒಂದೇ ಒಂದು ವಾಹಿನಿಯೂ ಅದರಲ್ಲಿ ಹಿಡಿಸದು. ವಾಸ್ತವದಲ್ಲಿ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ ಎಂಟು ಹತ್ತು ವಾಹಿನಿಗಳು ಸಾಗುತ್ತವೆ, ಒಂದೊಂದಕ್ಕೂ ಸುಮಾರು 4 ಮೆಗಾಬಿಟ್‌ನಂತೆ. ಎಂದರೆ ಮೂಲ ಚಿತ್ರವನ್ನು ಅರುವತ್ತು ಪಟ್ಟು ಕುಗ್ಗಿಸಲಾಗಿದೆ. ಈ ಕುಗ್ಗಿಸುವಿಕೆಯೇ ಸಂಪೀಡನೆ ಅಥವಾ ಕಂಪ್ರೆಷನ್.

ಕಣ್ಣಿಗೆ ಕಾಣದ್ದನ್ನು ಬಿಡುವುದು

ಮೊದಲ ಉಳಿತಾಯ ನಮ್ಮ ಕಣ್ಣಿನ ಮಿತಿಯಿಂದ ಬರುತ್ತದೆ. ಬೆಳಕು-ನೆರಳಿನ ಸೂಕ್ಷ್ಮ ವ್ಯತ್ಯಾಸವನ್ನು ಕಣ್ಣು ಚೆನ್ನಾಗಿ ಗುರುತಿಸುತ್ತದೆ. ಬಣ್ಣದ ಸೂಕ್ಷ್ಮ ವಿವರಗಳನ್ನು ಅಷ್ಟಾಗಿ ಗುರುತಿಸದು. ಆದ್ದರಿಂದ ಮೂರು ಬಣ್ಣಗಳ ಬದಲು ಒಂದು ಪ್ರಕಾಶದ ಮೌಲ್ಯ, ಎರಡು ಬಣ್ಣದ ಮೌಲ್ಯಗಳು ಎಂದು ಚಿತ್ರವನ್ನು ಬೇರೆ ಮಾಡಲಾಗುತ್ತದೆ. ಪ್ರಕಾಶವನ್ನು ಪ್ರತಿ ಬಿಂದುವಿಗೂ, ಬಣ್ಣವನ್ನು ನಾಲ್ಕು ಬಿಂದುಗಳಿಗೆ ಒಮ್ಮೆಯೂ ದಾಖಲಿಸಿದರೆ ಸಾಕು. ಆಗ ಬಿಂದುವಿಗೆ ಸರಾಸರಿ 24ರ ಬದಲು 12 ಬಿಟ್. ಹೊರೆ ಸುಮಾರು 124 ಮೆಗಾಬಿಟ್‌ಗೆ ಇಳಿಯಿತು. ನೋಡುಗರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಎಂಟು ಸಂಖ್ಯೆಗಳು ಎರಡಾದ ಬಗೆ

ಮುಂದಿನ ಹಂತದಲ್ಲಿ ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ಚೌಕದ ಮೇಲೂ 'ವಿವಿಕ್ತ ಕೊಸೈನ್ ಪರಿವರ್ತನೆ' ಎಂಬ ಗಣಿತಕ್ರಿಯೆ ನಡೆಯುತ್ತದೆ. ಇದರ ಚಿಕ್ಕ ಹೆಸರು ಡಿಸಿಟಿ. ಒಂದು ಸಾಲನ್ನಷ್ಟೇ ತೆಗೆದುಕೊಂಡು ನೋಡೋಣ. ನಿಧಾನವಾಗಿ ಬೆಳಕು ಏರುತ್ತಿರುವ ಗೋಡೆಯ ಮೇಲಿನ ಎಂಟು ಬಿಂದುಗಳ ಪ್ರಕಾಶ ಹೀಗಿದೆ ಎನ್ನೋಣ:

52, 54, 56, 58, 60, 62, 64, 66

ಈ ಸಂಖ್ಯೆಗಳನ್ನು ಬೇರೆ ಬೇರೆ ಆವೃತ್ತಿಯ ಎಂಟು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಪ್ರತಿ ಅಲೆ ಎಷ್ಟೆಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಲೆಕ್ಕ ಹಾಕಿದರೆ ಬರುವ ಉತ್ತರ:

166.9, −12.9, 0, −1.3, 0, −0.4, 0, −0.1

ಮೊದಲನೆಯದು ಸರಾಸರಿ ಬೆಳಕನ್ನು ಸೂಚಿಸುತ್ತದೆ. ಎರಡನೆಯದು ಒಂದು ಬದಿಯಿಂದ ಇನ್ನೊಂದು ಬದಿಗೆ ಆಗುವ ಏರಿಕೆಯನ್ನು ಸೂಚಿಸುತ್ತದೆ. ಉಳಿದವು ತೀರ ಚಿಕ್ಕವು. ಇಲ್ಲಿಯ ತನಕ ಏನೂ ನಷ್ಟವಾಗಿಲ್ಲ. ಎಂಟು ಸಂಖ್ಯೆಗಳು ಬೇರೆ ಎಂಟು ಸಂಖ್ಯೆಗಳಾಗಿವೆ, ಅಷ್ಟೆ. ಈಗ ಎಲ್ಲವನ್ನೂ 4ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ:

42, −3, 0, 0, 0, 0, 0, 0

ಕಳಿಸಬೇಕಾದದ್ದು ಎರಡು ಸಂಖ್ಯೆಗಳು ಮತ್ತು 'ಉಳಿದವೆಲ್ಲ ಸೊನ್ನೆ' ಎಂಬ ಒಂದು ಸೂಚನೆ. ಮನೆಯ ಪೆಟ್ಟಿಗೆ ಇವನ್ನು 4ರಿಂದ ಗುಣಿಸಿ, ಅಲೆಗಳನ್ನು ಮತ್ತೆ ಕೂಡಿಸಿದಾಗ 54, 54, 56, 58, 61, 63, 64, 65 ಬರುತ್ತದೆ. ಮೂಲಕ್ಕೂ ಇದಕ್ಕೂ ಅತಿ ಹೆಚ್ಚಿನ ವ್ಯತ್ಯಾಸ ಕೇವಲ 2. ಕಣ್ಣು ಅದನ್ನು ಗಮನಿಸುವುದಿಲ್ಲ. ನಷ್ಟವಾದದ್ದು ಪೂರ್ಣಾಂಕಕ್ಕೆ ತಂದ ಹಂತದಲ್ಲಿ. ಉಳಿತಾಯವಾದದ್ದೂ ಅದೇ ಹಂತದಲ್ಲಿ. ಭಾಜಕವನ್ನು ದೊಡ್ಡದು ಮಾಡಿದಷ್ಟೂ ಉಳಿತಾಯ ಹೆಚ್ಚು, ಚಿತ್ರ ಒರಟು.

ಈ ಪರಿವರ್ತನೆಯ ಹಿಂದೆ ನಮ್ಮ ನಾಡಿನವರೊಬ್ಬರಿದ್ದಾರೆ. ಬೆಂಗಳೂರಿನಲ್ಲಿ 1940ರಲ್ಲಿ ಜನಿಸಿ, ಇಂದು ವಿಶ್ವವಿದ್ಯಾಲಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು ಎನಿಸಿಕೊಂಡಿರುವ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್, ಅಮೆರಿಕದ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಕೊಸೈನ್ ಪರಿವರ್ತನೆಯ ಅಧ್ಯಯನಕ್ಕೆ ಧನಸಹಾಯ ಕೋರಿ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅವರು ಸಲ್ಲಿಸಿದ ಪ್ರಸ್ತಾವ ತಿರಸ್ಕೃತವಾಯಿತು. ವಿಷಯ ತೀರ ಸರಳವೆಂಬುದು ಪರಿಶೀಲಕರೊಬ್ಬರ ಆಕ್ಷೇಪವಾಗಿತ್ತು. ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಕಟಿಸಿದ ನಾಲ್ಕು ಪುಟಗಳ ಪ್ರಬಂಧವೇ ಮುಂದೆ ಜೆಪೆಗ್ ಚಿತ್ರಕ್ಕೂ ಎಂಪೆಗ್ ವಿಡಿಯೋಗೂ ಅಡಿಪಾಯವಾಯಿತು.

ಬದಲಾದದ್ದನ್ನು ಮಾತ್ರ ಹೇಳುವುದು

ಇಷ್ಟರಿಂದಲೇ ಅರುವತ್ತು ಪಟ್ಟು ಕುಗ್ಗದು. ದೊಡ್ಡ ಉಳಿತಾಯ ಕಾಲದಲ್ಲಿದೆ. ವಾರ್ತಾವಾಚಕರ ಹಿಂದಿನ ಗೋಡೆ ಈ ಚಿತ್ರದಲ್ಲಿಯೂ ಅದೇ, ಮುಂದಿನ ಚಿತ್ರದಲ್ಲಿಯೂ ಅದೇ. ಅದನ್ನು ಸೆಕೆಂಡಿಗೆ 25 ಬಾರಿ ಕಳಿಸುವುದು ವ್ಯರ್ಥ. ಚಲಿಸುವ ವಸ್ತುವಿನ ವಿಷಯದಲ್ಲಿಯೂ ಹೀಗೆಯೇ. ರಸ್ತೆಯಲ್ಲಿ ಬಸ್ಸು ಸಾಗುತ್ತಿದ್ದರೆ ಬಸ್ಸಿನ ಚಿತ್ರವನ್ನು ಮತ್ತೆ ಕಳಿಸಬೇಕಿಲ್ಲ. 'ಹಿಂದಿನ ಚಿತ್ರದ ಈ ಚೌಕವನ್ನು ಎಂಟು ಬಿಂದು ಬಲಕ್ಕೆ ಸರಿಸು' ಎಂದರೆ ಸಾಕು. ಇದಕ್ಕಾಗಿ ಎಂಪೆಗ್-2 ವಿಧಾನದಲ್ಲಿ 16 ಬಿಂದು ಅಗಲ, 16 ಬಿಂದು ಎತ್ತರದ ದೊಡ್ಡ ಚೌಕಗಳನ್ನು ಬಳಸುತ್ತಾರೆ. ಸರಿಸಿದ ಬಳಿಕ ಉಳಿಯುವ ಸಣ್ಣ ವ್ಯತ್ಯಾಸವನ್ನು ಮಾತ್ರ ಡಿಸಿಟಿಗೆ ಒಪ್ಪಿಸಲಾಗುತ್ತದೆ.

ಹೀಗಾಗಿ ಮೂರು ಬಗೆಯ ಚಿತ್ರಗಳು ಹುಟ್ಟುತ್ತವೆ. 'ಐ' ಚಿತ್ರ ಸ್ವಯಂಪೂರ್ಣ. 'ಪಿ' ಚಿತ್ರ ಹಿಂದಿನ ಒಂದು ಚಿತ್ರವನ್ನು ನೆಚ್ಚಿಕೊಂಡಿದೆ. 'ಬಿ' ಚಿತ್ರ ಹಿಂದಿನ ಮತ್ತು ಮುಂದಿನ ಎರಡು ಚಿತ್ರಗಳನ್ನು ನೆಚ್ಚಿಕೊಂಡಿದೆ. ಮುಂದಿನ ಚಿತ್ರವನ್ನು ನೆಚ್ಚಬೇಕಾದರೆ ಅದು ಮೊದಲೇ ಬಂದಿರಬೇಕಷ್ಟೆ. ಆದ್ದರಿಂದ ತೆರೆಯ ಮೇಲೆ 1, 2, 3, 4 ಎಂದು ಕಾಣುವ ಚಿತ್ರಗಳು ಆಕಾಶದಲ್ಲಿ 1, 4, 2, 3 ಎಂಬ ಕ್ರಮದಲ್ಲಿ ಸಾಗುತ್ತವೆ. ಹೀಗೆ ಕಾದು ಜೋಡಿಸುವುದರಿಂದ ನೇರ ಪ್ರಸಾರವೂ ಸ್ವಲ್ಪ ತಡವಾಗಿಯೇ ಮನೆ ಮುಟ್ಟುತ್ತದೆ.

ಸಾಮಾನ್ಯವಾಗಿ 12 ಚಿತ್ರಗಳಿಗೆ ಒಂದು 'ಐ' ಚಿತ್ರ ಬರುತ್ತದೆ. 12ನ್ನು 25ರಿಂದ ಭಾಗಿಸಿದರೆ 0.48 ಸೆಕೆಂಡ್. ನಮ್ಮ ಅರ್ಧ ಸೆಕೆಂಡಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದು ಚಿತ್ರ ಕೆಟ್ಟರೆ ಅದನ್ನು ನೆಚ್ಚಿಕೊಂಡ ಚಿತ್ರಗಳೆಲ್ಲ ಕೆಡುತ್ತವೆ. ಮುಂದಿನ 'ಐ' ಚಿತ್ರ ಬಂದಾಗ ಹಳೆಯ ತಪ್ಪು ಅಳಿಸಿಹೋಗುತ್ತದೆ. ವಾಹಿನಿ ಬದಲಿಸಿದಾಗ ಚಿತ್ರ ಮೂಡಲು ತಡವಾಗುವುದಕ್ಕೂ ಈ ಕಾಯುವಿಕೆ ಒಂದು ಕಾರಣ.

188 ಬೈಟ್‌ಗಳ ಬೋಗಿ

ಕುಗ್ಗಿಸಿದ್ದಾಯಿತು, ಇನ್ನು ಸಾಗಣೆ. ಹತ್ತು ವಾಹಿನಿಗಳ ಚಿತ್ರ, ಧ್ವನಿ, ಕಾರ್ಯಕ್ರಮ ಪಟ್ಟಿ ಎಲ್ಲವೂ ಒಂದೇ ಹಾದಿಯಲ್ಲಿ ಹೋಗಬೇಕು. ಇದನ್ನು ಒಂದು ಗೂಡ್ಸ್ ರೈಲಿಗೆ ಹೋಲಿಸಬಹುದು. ಪ್ರತಿ ಬೋಗಿಯ ಅಳತೆ ಸರಿಯಾಗಿ 188 ಬೈಟ್. ಅದರಲ್ಲಿ ಮೊದಲ 4 ಬೈಟ್ ವಿಳಾಸ ಚೀಟಿ, ಉಳಿದ 184 ಸರಕು. ಪ್ರತಿ ಬೋಗಿಯ ಮೊದಲ ಬೈಟ್ ಯಾವಾಗಲೂ 71, ದ್ವಿಮಾನದಲ್ಲಿ 01000111. ಈ ಸಂಖ್ಯೆ ಪ್ರತಿ 188 ಬೈಟ್‌ಗೊಮ್ಮೆ ಮರುಕಳಿಸುವುದನ್ನು ಕಂಡು ಗ್ರಾಹಕ ಪೆಟ್ಟಿಗೆ ಬೋಗಿಯ ಆರಂಭವನ್ನು ಗುರುತಿಸುತ್ತದೆ. 38 ಮೆಗಾಬಿಟ್‌ನ ಹಾದಿಯಲ್ಲಿ ಸೆಕೆಂಡಿಗೆ ಸುಮಾರು 25,000 ಬೋಗಿಗಳು ಹಾದುಹೋಗುತ್ತವೆ.

ಚೀಟಿಯಲ್ಲಿ 13 ಬಿಟ್‌ನ ಗುರುತು ಸಂಖ್ಯೆ ಇದೆ. ಹಾಗಾಗಿ 8,192 ಬೇರೆ ಬೇರೆ ಸರಕುಗಳನ್ನು ಗುರುತಿಸಬಹುದು. ಒಂದು ವಾಹಿನಿಯ ಚಿತ್ರಕ್ಕೆ ಒಂದು ಸಂಖ್ಯೆ, ಧ್ವನಿಗೆ ಇನ್ನೊಂದು. 0 ಸಂಖ್ಯೆಯ ಬೋಗಿ ಸೂಚಿಪತ್ರ; ಯಾವ ವಾಹಿನಿಯ ವಿವರ ಎಲ್ಲಿದೆ ಎಂದು ಅದು ತಿಳಿಸುತ್ತದೆ. ಕೊನೆಯ 8,191 ಖಾಲಿ ಬೋಗಿ. ಸರಕು ಕಡಿಮೆಯಾದಾಗ ವೇಗ ಏರುಪೇರಾಗದಂತೆ ಇದನ್ನು ಸೇರಿಸುತ್ತಾರೆ. 0ಯಿಂದ 15ರ ವರೆಗೆ ಸುತ್ತುವ ಒಂದು ಎಣಿಕೆಯೂ ಚೀಟಿಯಲ್ಲಿದೆ. 6ರ ಬಳಿಕ 8 ಬಂದರೆ ಬೋಗಿಯೊಂದು ಕಳೆದುಹೋಗಿದೆ ಎಂದು ತಿಳಿಯುತ್ತದೆ. ಪ್ರೇಷಕದ ಗಡಿಯಾರವೂ ಇದರಲ್ಲಿಯೇ ಪಯಣಿಸುತ್ತದೆ. ಸೆಕೆಂಡಿಗೆ 2.7 ಕೋಟಿ ಮಿಡಿತಗಳ ಆ ಗಡಿಯಾರಕ್ಕೆ ಮನೆಯ ಪೆಟ್ಟಿಗೆ ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳದಿದ್ದರೆ ತುಟಿಯ ಚಲನೆಗೂ ಮಾತಿಗೂ ತಾಳೆಯಾಗದು.

ಧ್ವನಿ ಬೇರೆ ಬೋಗಿಯಲ್ಲಿ ಬರುತ್ತದೆ. ಎಂಪೆಗ್ ಧ್ವನಿಯನ್ನು 24 ಮಿಲಿಸೆಕೆಂಡಿನ ಚಿಕ್ಕ ತುಂಡುಗಳಾಗಿ ಕಳಿಸುವ ರೂಢಿ ಇದೆ. ತುಂಡುಗಳು 'ಪಿ' ಚಿತ್ರದಂತೆ ಒಂದನ್ನೊಂದು ನೆಚ್ಚಿಕೊಂಡಿಲ್ಲ. ಆದ್ದರಿಂದ ಧ್ವನಿ ಬೇಗ ಚೇತರಿಸಿಕೊಳ್ಳುತ್ತದೆ. ಚಿತ್ರ 'ಐ'ಗಾಗಿ ಕಾಯಬೇಕು.

ಕಳೆದು ಮತ್ತೆ ಕೂಡುವುದು

ಅರುವತ್ತು ಪಟ್ಟು ಕುಗ್ಗಿಸಿದ ಮೇಲೆ ಪ್ರತಿ ಬಿಟ್ಟೂ ಅಮೂಲ್ಯ. ಮೂಲ ಚಿತ್ರದಲ್ಲಿ ಒಂದು ಬಿಟ್ ಕೆಟ್ಟರೆ ಒಂದು ಬಿಂದು ಕೆಡುತ್ತಿತ್ತು. ಈಗ ಒಂದು ಬಿಟ್ ಕೆಟ್ಟರೆ ಒಂದು ಸಾಲು ಚೌಕಗಳೇ ಕೆಡಬಹುದು. ಆದ್ದರಿಂದ ಪ್ರಸಾರಕರು ಉಳಿಸಿದ ಜಾಗದ ಒಂದು ಭಾಗವನ್ನು ರಕ್ಷಣೆಗೆ ವೆಚ್ಚ ಮಾಡುತ್ತಾರೆ.

188 ಬೈಟ್‌ಗಳಿಗೆ ರೀಡ್-ಸಾಲೊಮನ್ ಸಂಕೇತ ವಿಧಾನದಂತೆ 16 ತಪಾಸಣಾ ಬೈಟ್‌ಗಳನ್ನು ಸೇರಿಸಿ 204 ಮಾಡುತ್ತಾರೆ. ಇವುಗಳಲ್ಲಿ ಯಾವುದೇ 8 ಬೈಟ್ ಕೆಟ್ಟರೂ ಗ್ರಾಹಕ ಪೆಟ್ಟಿಗೆ ಲೆಕ್ಕಹಾಕಿ ಸರಿಪಡಿಸಬಲ್ಲುದು. ಅನಂತರ ಹಲವು ಬೋಗಿಗಳ ಬೈಟ್‌ಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ. ಒಂದೇ ಕಡೆ ಬಿದ್ದ ಪೆಟ್ಟು ಹೆಣಿಗೆ ಬಿಚ್ಚಿದಾಗ ಹಲವು ಬೋಗಿಗಳಿಗೆ ಚದುರಿ, ಒಂದೊಂದರಲ್ಲಿಯೂ ಸರಿಪಡಿಸುವಷ್ಟೇ ಉಳಿಯುತ್ತದೆ. ಕೊನೆಗೆ ಪ್ರತಿ 3 ಬಿಟ್‌ಗಳನ್ನು 4 ಮಾಡುವ ಇನ್ನೊಂದು ರಕ್ಷಣೆ. ಲೆಕ್ಕ ನೋಡಿ: ಸೆಕೆಂಡಿಗೆ 2.75 ಕೋಟಿ ಸಂಕೇತಗಳು, ಒಂದೊಂದಕ್ಕೆ 2 ಬಿಟ್, ಒಟ್ಟು 55 ಮೆಗಾಬಿಟ್. ಇದನ್ನು 3/4ರಿಂದಲೂ 188/204ರಿಂದಲೂ ಗುಣಿಸಿದರೆ 38. ಉಳಿದ 17 ಮೆಗಾಬಿಟ್ ರಕ್ಷಣೆಗೇ ಹೋಯಿತು.

ಕಷ್ಟಪಟ್ಟು ಕಳೆದ ಪುನರುಕ್ತಿಯನ್ನು ಮತ್ತೆ ಏಕೆ ಸೇರಿಸಬೇಕು? ಚಿತ್ರದಲ್ಲಿ ಸಹಜವಾಗಿದ್ದ ಪುನರುಕ್ತಿ ಅಪಾರ, ಆದರೆ ತಪ್ಪು ತಿದ್ದಲು ಹೇಳಿಮಾಡಿಸಿದ್ದಲ್ಲ. ನಾವು ಸೇರಿಸುವ ಪುನರುಕ್ತಿ ಸ್ವಲ್ಪವೇ, ಆದರೆ ಗಣಿತದ ನಿಯಮಕ್ಕೆ ಬದ್ಧ. ಅದರಿಂದ ತಪ್ಪನ್ನು ಹುಡುಕಲೂಬಹುದು, ತಿದ್ದಲೂಬಹುದು.

ಆದರೆ ಈ ರಕ್ಷಣೆಗೊಂದು ಮಿತಿ ಇದೆ. ಮನೆಯ ಡಿಶ್‌ಗೆ ಬರುವ ಕೆಯು ಪಟ್ಟಿಯ ತರಂಗಗಳ ಆವೃತ್ತಿ 11ರಿಂದ 12 ಗಿಗಾಹರ್ಟ್ಸ್, ತರಂಗಾಂತರ ಸುಮಾರು 2.5 ಸೆಂಟಿಮೀಟರ್. ಕೆಲವು ಮಿಲಿಮೀಟರ್ ಗಾತ್ರದ ಮಳೆಹನಿಗಳು ಇವನ್ನು ಹೀರುತ್ತವೆ, ಚದುರಿಸುತ್ತವೆ. ಸುಮಾರು 7.5 ಸೆಂಟಿಮೀಟರಿನ ಸಿ ಪಟ್ಟಿಗೆ ಈ ತೊಂದರೆ ಬಹಳ ಕಡಿಮೆ. ತಪ್ಪುಗಳು ಎಂಟರ ಒಳಗಿರುವ ತನಕ ಚಿತ್ರ ನಿರ್ಮಲ. ಒಂಬತ್ತಾದರೆ ಆ ಬೋಗಿ ನಿರುಪಯುಕ್ತ. ಆದ್ದರಿಂದಲೇ ಅಂಕೀಯ ಚಿತ್ರ ಇಳಿಜಾರಿನಲ್ಲಿ ಇಳಿದಂತೆ ಕೆಡುವುದಿಲ್ಲ, ಬಂಡೆಯ ಅಂಚಿನಿಂದ ಬಿದ್ದಂತೆ ಕೆಡುತ್ತದೆ.

ಮುಂದಿನ ಹೆಜ್ಜೆಗಳು

ದೂರದರ್ಶನದ ನೇರ ಉಪಗ್ರಹ ಸೇವೆ 2004ರ ಡಿಸೆಂಬರಿನಲ್ಲಿ ಆರಂಭವಾಯಿತು. ಬೆಂಗಳೂರು, ಮೈಸೂರುಗಳ ಕೇಬಲ್ ಜಾಲ ಅಂಕೀಯವಾಗಲು 2013ರ ಮಾರ್ಚ್ 31 ಗಡುವಾಗಿತ್ತು. ಈ ನಡುವೆ ಸಂಪೀಡನೆಯೂ ಬೆಳೆಯಿತು. 2003ರ ಎಚ್.264, 2013ರ ಎಚ್.265, 2020ರ ಎಚ್.266 ಮಾನಕಗಳು ಒಂದೊಂದೂ ಅದೇ ಗುಣಮಟ್ಟಕ್ಕೆ ಹಿಂದಿನದರ ಸುಮಾರು ಅರ್ಧದಷ್ಟು ಬಿಟ್‌ಗಳನ್ನು ಗುರಿಯಾಗಿಟ್ಟುಕೊಂಡವು. ಚೌಕಗಳು, ಚಲನೆಯ ಊಹೆ, ಕೊಸೈನ್ ಬಗೆಯ ಪರಿವರ್ತನೆ ಎಂಬ ಮೂರು ಆಧಾರಗಳು ಮಾತ್ರ ಹಾಗೆಯೇ ಉಳಿದಿವೆ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಮೇಲಿನ ಎಂಟು ಸಂಖ್ಯೆಗಳ ಬದಲು 10, 90, 25, 70, 5, 95, 40, 60 ಮುಂತಾದ ಅಡ್ಡಾದಿಡ್ಡಿ ಸಂಖ್ಯೆಗಳಿಗೆ ವಿದ್ಯಾರ್ಥಿಗಳು ಡಿಸಿಟಿ ಲೆಕ್ಕ ಹಾಕಲಿ. ಹೆಚ್ಚಿನ ಆವೃತ್ತಿಯ ಅಲೆಗಳು ದೊಡ್ಡದಾಗಿ ಉಳಿಯುವುದು ಕಾಣುತ್ತದೆ. ಮಳೆಗಾಲದ ಜೋಗ ಜಲಪಾತವನ್ನೋ ಹೂವಿನ ಮಳೆಯನ್ನೋ ತೋರಿಸುವಾಗ ಬಾನು ತಿಳಿಯಾಗಿದ್ದರೂ ತೆರೆಯ ಮೇಲೆ ಚೌಕಗಳು ಇಣುಕುವುದೇಕೆಂದು ಆಗ ಅವರೇ ಹೇಳುತ್ತಾರೆ.