ಮೀನಿನ ಗುರುತು

ಶಿವಮೊಗ್ಗ ನಗರದ ಮಗ್ಗುಲಲ್ಲಿ ತುಂಗೆಯೂ ಭದ್ರಾವತಿಯ ನಡುವೆ ಭದ್ರೆಯೂ ಹರಿಯುತ್ತವೆ. ಇವೆರಡೂ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆ ಎನಿಸಿಕೊಂಡು, ಮುಂದೆ ಕೃಷ್ಣಾ ನದಿಯನ್ನು ಸೇರುತ್ತವೆ. ಮೀನುಪೇಟೆಯ ಬುಟ್ಟಿಯೊಂದರಲ್ಲಿ ಹೊಳೆಯ ಮೀನೂ ಕೆರೆಯ ಮೀನೂ ಬೆರೆತಿದ್ದರೆ, ಯಾವುದು ಯಾವ ಬಗೆಯದೆಂದು ತಿಳಿಯುವುದು ಹೇಗೆ?

ಬಣ್ಣವನ್ನು ನಂಬುವಂತಿಲ್ಲ, ಸತ್ತ ಮೀನಿನ ಬಣ್ಣ ಬೇಗನೆ ಮಾಸುತ್ತದೆ. ಗಾತ್ರವನ್ನೂ ನಂಬುವಂತಿಲ್ಲ, ದೊಡ್ಡ ಜಾತಿಯ ಮರಿಯು ಸಣ್ಣ ಜಾತಿಯ ಬಲಿತ ಮೀನಿನಷ್ಟೇ ಇರಬಹುದು. ಹೆಸರಾದರೋ ಊರಿಂದೂರಿಗೆ ಬದಲಾಗುತ್ತದೆ. ಆದುದರಿಂದ ಪ್ರಾಣಿಶಾಸ್ತ್ರಜ್ಞರು ಸುಲಭವಾಗಿ ಬದಲಾಗದ ಲಕ್ಷಣಗಳನ್ನು ಅರಸುತ್ತಾರೆ.

ಮೊದಲು ಮೈಯನ್ನು ನೋಡಬೇಕು. ಬಾಳೆಮೀನಿನ ಮೈಮೇಲೆ ಹುರುಪೆಗಳಿಲ್ಲ; ಬಾಯ ಬಳಿ ಉದ್ದನೆಯ ಮೀಸೆಗಳಿವೆ. ಕೊರವ ಮೀನಿಗೆ ಹುರುಪೆಗಳಿವೆ, ಮೀಸೆಗಳಿಲ್ಲ. ಅದರ ತಲೆ ಹಾವಿನ ತಲೆಯನ್ನು ಹೋಲುತ್ತದೆ. ಗೆಂಡೆ ಮೀನುಗಳಿಗೆ ಮೈತುಂಬ ಹುರುಪೆಗಳಿದ್ದು, ತಲೆ ಮಾತ್ರ ನುಣುಪಾಗಿರುತ್ತದೆ.

ಅನಂತರ ಬಾಯಿಯನ್ನು ನೋಡಬೇಕು. ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆಗಳೇ. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖವಾದುದು. ಅದು ನೀರಿನ ಮೇಲ್ಪದರದಲ್ಲಿ ಆಹಾರವನ್ನು ಹುಡುಕುತ್ತದೆ. ರೋಹುವಿನ ತುಟಿಗಳಿಗೆ ಜಾಲರಿಯಂತಹ ಅಂಚುಂಟು; ಅದು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ತಳದಲ್ಲಿ ಮೇಯುತ್ತದೆ. ಹೀಗೆ ಬಾಯಿಯ ರಚನೆಯು ಮೀನಿನ ಗುರುತನ್ನು ಮಾತ್ರವಲ್ಲದೆ ಅದರ ಬಾಳಿನ ಕ್ರಮವನ್ನೂ ತಿಳಿಸುತ್ತದೆ.

ಹೀಗೆ ಗುರುತಿಸಿದ ಜೀವಿಗಳನ್ನು ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಕ್ರಮವಾಗಿ ವಿಂಗಡಿಸುತ್ತಾರೆ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ಬಳಕೆಗೆ ತಂದನು. ಮೊದಲನೆಯ ಪದ ಜಾತಿಯನ್ನು ಸೂಚಿಸುತ್ತದೆ. ಎರಡೂ ಕೂಡಿ ಪ್ರಭೇದವನ್ನು ಸೂಚಿಸುತ್ತವೆ.

ಇಷ್ಟೊಂದು ಶ್ರಮವೇಕೆ ಎಂದು ಕೇಳಬಹುದು. ಅದಕ್ಕೆ ಮಹಶೀರ್ ಮೀನಿನ ಕಥೆಯೇ ಉತ್ತರ. ದಪ್ಪ ತುಟಿ, ನಾಲ್ಕು ಮೀಸೆ, ಅಗಲವಾದ ಹುರುಪೆಗಳು ಈ ಮೀನಿನ ಲಕ್ಷಣ. ತೀರ್ಥಹಳ್ಳಿಯ ಸಮೀಪದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ದೇವರ ಮೀನುಗಳೆಂದು ಜನರು ಕಾಪಾಡಿಕೊಂಡು ಬಂದಿದ್ದಾರೆ. ಕೃಷ್ಣಾ ಕೊಳ್ಳದ ಮಹಶೀರಿಗೆ ನೀಲಿ ಛಾಯೆಯ ಈಜುರೆಕ್ಕೆಗಳುಂಟು. ಪುಣೆಯ ಸಮೀಪದ ನದಿಯ ಮೀನನ್ನು ನೋಡಿ ಸೈಕ್ಸ್ ಎಂಬಾತನು 1839ರಲ್ಲಿ ಇದನ್ನು ವರ್ಣಿಸಿದನು. ಇದರ ಇಂದಿನ ಹೆಸರು ಟಾರ್ ಖುದ್ರೀ. ಕಾವೇರಿಯಲ್ಲಿದ್ದ ಮಹಶೀರ್ ಬೇರೆ. ಅದಕ್ಕೆ ಕಿತ್ತಳೆ ಬಣ್ಣದ ಈಜುರೆಕ್ಕೆಗಳು, ಬೆನ್ನಿನ ಮೇಲೆ ಗೂನು. ಐವತ್ತು ಕಿಲೋಗ್ರಾಮಿಗೂ ಮೀರಿ ಬೆಳೆಯುವ ಆ ಮೀನು ಗಾಳಗಾರರಿಗೆ ನೂರು ವರ್ಷಗಳಿಗೂ ಹಿಂದಿನಿಂದ ಪರಿಚಿತವಾಗಿದ್ದರೂ ಶಾಸ್ತ್ರದಲ್ಲಿ ಅದಕ್ಕೆ ಖಚಿತವಾದ ಹೆಸರಿರಲಿಲ್ಲ.

1970ರ ದಶಕದಿಂದೀಚೆಗೆ, ಮಹಶೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದ, ನೀಲಿ ರೆಕ್ಕೆಯ ಮಹಶೀರಿನ ಮರಿಗಳನ್ನು ಕಾವೇರಿಗೆ ಬಿಡಲಾಯಿತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳನ್ನು ಪರಿಶೀಲಿಸಿದಾಗ, ಹೊಸ ಮೀನು ಹೆಚ್ಚುತ್ತ ಬಂದು ಗೂನುಬೆನ್ನಿನ ಮೀನು ಕ್ಷೀಣಿಸಿದುದು ತಿಳಿದುಬಂದಿತು. 2018ರಲ್ಲಿ ದೇಹಲಕ್ಷಣಗಳನ್ನೂ ವಂಶವಾಹಿಗಳನ್ನೂ ಹೋಲಿಸಿದ ವಿಜ್ಞಾನಿಗಳು ಅದು ಟಾರ್ ರೆಮಾದೇವಿಯೈ ಎಂಬ ಪ್ರಭೇದವೆಂದು ಖಚಿತಪಡಿಸಿದರು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರು ಸಿಕ್ಕಿದ ಮೇಲೆಯೇ ಆ ಪಟ್ಟಿಗೆ ಸೇರುವುದು ಸಾಧ್ಯವಾಯಿತು.

ತುಂಗಭದ್ರೆಯಲ್ಲಿ ಮನೆಯ ಮಗನಂತಿರುವ ಮೀನು ಕಾವೇರಿಯಲ್ಲಿ ಪರಕೀಯ. ಎರಡನ್ನೂ 'ಮಹಶೀರ್' ಎಂಬ ಒಂದೇ ಹೆಸರಿನಿಂದ ಕರೆದವರಿಗೆ ಈ ಭೇದ ಕಾಣಲಿಲ್ಲ. ಹುರುಪೆಯನ್ನು ಎಣಿಸುವುದು, ಮೀಸೆಯನ್ನು ಗಮನಿಸುವುದು ಅಲ್ಪ ಕೆಲಸವೆಂದು ತೋರಬಹುದು. ಆದರೆ ಯಾವುದನ್ನು ಕಾಪಾಡಬೇಕೆಂದು ಅರಿಯಲು ಮೊದಲು ಅದು ಯಾವುದೆಂದು ಅರಿಯಬೇಕು.